ದಾರಿಯಲ್ಲಿ ಇಳಿದ ತೂಕ

“ಮೂರು ಕೆಜಿ ಎಲ್ಲಿ ಹೋಯ್ತು ಅಂತ ಹೇಳಿಬಿಡಿ, ನಾನು ಎದ್ದು ಮನೆಗೆ ಹೋಗ್ತೀನಿ,” ಎಂದು ಸಂಗೀತದ ಟೀಚರ್ ಕುರ್ಚಿಯಲ್ಲಿ ಇನ್ನಷ್ಟು ಭದ್ರವಾಗಿ ಕೂತರು.

ಗಡಿಯಾರದಂಗಡಿಯ ಮೇಜಿನ ಮೇಲೆ ಸಣ್ಣ ತಕ್ಕಡಿ. ಅದರ ಮೇಲೆ ಟೀಚರ್ ಆನ್‌ಲೈನ್ ಹರಾಜಿನಲ್ಲಿ ಕೊಂಡಿದ್ದ ಗೋಡೆ ಗಡಿಯಾರ, ಬಂದ ರಟ್ಟಿನ ಪೆಟ್ಟಿಗೆಯ ಸಮೇತ. ತಕ್ಕಡಿ ಆರು ಕೆಜಿ ಎನ್ನುತ್ತಿತ್ತು. ಪೆಟ್ಟಿಗೆಗೆ ಅಂಟಿಸಿದ್ದ ಅಂಚೆ ಕೌಂಟರಿನ ಚೀಟಿ ಒಂಬತ್ತು ಎನ್ನುತ್ತಿತ್ತು. ಟೀಚರ್ ಅಂಚೆ ಖರ್ಚು ಕೊಟ್ಟಿದ್ದು ಒಂಬತ್ತಕ್ಕೆ.

“ದಾರೀಲಿ ಬೆವರಿ ಸಣ್ಣಗಾಯ್ತೇನೋ,” ಎಂದರು ಟೀಚರ್. “ನಾನು ದಿನಾ ಎರಡು ಹೊತ್ತು ನಡೀತೀನಿ, ನನಗಂತೂ ಒಂದು ಗ್ರಾಮೂ ಇಳಿದಿಲ್ಲ.”

ತಕರಾರಮ್ಮನಿಗೆ ನಗು ಬಂತು, ತಡೆದುಕೊಂಡಳು. ಹರಾಜಿನ ಕಂಪನಿಯಲ್ಲಿ ಕೊಳ್ಳುವವರ, ಮಾರುವವರ ಜಗಳ ಬಿಡಿಸುವುದು ಅವಳ ಕೆಲಸ. ತಕರಾರಮ್ಮ ಎಂಬ ಹೆಸರು ಆಫೀಸಿನವರು ಇಟ್ಟದ್ದು. ಈಗೀಗ ಹೆತ್ತ ತಾಯಿಯೂ ಫೋನಿನಲ್ಲಿ ಹಾಗೇ ಕರೆಯುತ್ತಿದ್ದಳು.

ಈ ಕೆಲಸದಲ್ಲಿ ಅವಳು ಕಂಡುಕೊಂಡ ಸತ್ಯ ಒಂದೇ. ಜನ ವಸ್ತುವಿನ ಬೆಲೆಯನ್ನು ಹೇಗೋ ಹೊಟ್ಟೆಗೆ ಹಾಕಿಕೊಳ್ಳುತ್ತಾರೆ, ಅಂಚೆ ಖರ್ಚನ್ನು ಮಾತ್ರ ಹಾಕಿಕೊಳ್ಳುವುದಿಲ್ಲ. ಅವರ ಅನುಮಾನವೂ ಸುಳ್ಳಲ್ಲ. ಕೋಟಿನ ಗುಂಡಿ ಮಾರಿ ಬೀರುವಿನ ಅಂಚೆ ಖರ್ಚು ಕೇಳಿದ ಮಹಾನುಭಾವರನ್ನು ಅವಳು ನೋಡಿದ್ದಳು. ಕಂಪನಿಯ ಪಾಲು ಕೊಡುವುದು ಬೆಲೆಯ ಮೇಲೆ, ಅಂಚೆಯ ಮೇಲಲ್ಲ. ಅದಕ್ಕೇ ಬೆಲೆ ಇಳಿಸಿ ಅಂಚೆ ಏರಿಸುವ ಚಾಲಾಕಿಗಳು ಬೇಕಾದಷ್ಟಿದ್ದರು.

ಈ ಗಡಿಯಾರದಂಗಡಿಯ ಮೇಲೆ ಬಂದದ್ದು ಇಂಥದೇ ಮೂರನೆಯ ದೂರು. ಸಂಜೆಯೊಳಗೆ ಕಾರಣ ತಿಳಿಯದಿದ್ದರೆ ಅಂಗಡಿಯ ಹೆಸರನ್ನು ಹರಾಜಿನಿಂದ ಕಿತ್ತುಹಾಕುವುದೆಂದು ಮ್ಯಾನೇಜರ್ ಬೆಳಿಗ್ಗೆಯೇ ಹೇಳಿಬಿಟ್ಟಿದ್ದ.

ಅಂಗಡಿಯ ಯಜಮಾನರು ಮೇಜಿನಾಚೆ ನಿಂತಿದ್ದರು. ಬೀದಿಯವರಿಗೆಲ್ಲ ಅವರು ಗಡಿಯಾರದಜ್ಜ. ಅಂಗಡಿಯ ಬಾಗಿಲಿಗೆ ಗಿರಾಕಿ ಬಂದು ಎಷ್ಟೋ ಕಾಲವಾಗಿತ್ತು. ಹಳೆಯ ಗಡಿಯಾರ ಕೊಂಡು, ರಿಪೇರಿ ಮಾಡಿ, ಹರಾಜಿನಲ್ಲಿ ಮಾರುವುದರಿಂದಲೇ ಅಪ್ಪ, ಮಗಳ ಹೊಟ್ಟೆ ನಡೆಯುತ್ತಿತ್ತು. ಹರಾಜಿನ ಕದ ಮುಚ್ಚಿದರೆ ಅಂಗಡಿಯ ಕದವೂ ಮುಚ್ಚಿದಂತೆಯೇ.

“ಅಂಗಡಿ ಹೋದ್ರೆ ಹೋಗ್ಲಿ ತಾಯಿ,” ಎಂದು ಅಜ್ಜ ತಗ್ಗಿದ ದನಿಯಲ್ಲಿ ಹೇಳಿದರು. “ಕಳ್ಳ ಅನ್ನಿಸಿಕೊಂಡು ಮುಚ್ಚೋದು ಮಾತ್ರ ಬೇಡ. ಈ ಅಂಗಡೀಲಿ ಆ ಮಾತು ಒಂದು ಸಲ ಕೇಳಿದ್ದು ಸಾಕು.”

ಆ ಒಂದು ಸಲದ ಗುರುತು ಅವರ ತಲೆಯ ಮೇಲೇ ತೂಗುತ್ತಿತ್ತು. ಎತ್ತರದ ಒಂದು ದೊಡ್ಡ ಗಡಿಯಾರದ ಮರದ ಗೂಡು. ಒಳಗೆ ಮೆಷಿನ್ ಇಲ್ಲ. ಗಡಿಯಾರವನ್ನು ಎಳೆದು ನಡೆಸುವ ಮೂರು ಹಿತ್ತಾಳೆ ಗುಂಡುಗಳೂ ಇಲ್ಲ. ಅವು ನೇತಾಡುತ್ತಿದ್ದ ಸರಪಳಿಗಳಷ್ಟೇ ಗೂಡಿನ ಮೊಳೆಯಿಂದ ಬರಿದಾಗಿ ಇಳಿಬಿದ್ದಿದ್ದವು. ಮೊದಲ ದಿನವೇ ತಕರಾರಮ್ಮ ಅದನ್ನು ಕೇಳಿದ್ದಳು. “ನಮ್ಮಪ್ಪನ ಗಡಿಯಾರ. ಒಳಗಿನದೆಲ್ಲ ಕಳುವಾಯ್ತು.” ಯಾರು ಕದ್ದರು? “ನನ್ನ ತಮ್ಮ.” ಅಷ್ಟು ಹೇಳಿ ಅಜ್ಜ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಆದರೂ ಆ ಖಾಲಿ ಗೂಡಿನ ಮೇಲೆ ಧೂಳು ಇರಲಿಲ್ಲ.

ಮೇಜಿನ ಮೂಲೆಯಲ್ಲಿ ತೀರಿಹೋದ ಹೆಂಡತಿಯ ಫೋಟೊ. ಕೆಲಸದ ದೀಪ ಹಾಕಿದಾಗಲೆಲ್ಲ ಬೆಳಕು ಅದರ ಮೇಲೂ ಬೀಳಲಿ ಎಂದು ಅಜ್ಜ ಅದನ್ನು ಓರೆಯಾಗಿ ಇಟ್ಟಿದ್ದರು.

“ಟೀಚರ್ರೇ,” ಎಂದಳು ತಕರಾರಮ್ಮ. “ನಿಮ್ಮ ಅಂಚೆ ಖರ್ಚಿನ ದುಡ್ಡು ಇವರ ಜೇಬಿಗೆ ಹೋಗಿಲ್ಲ. ಪೂರ್ತಿ ಅಂಚೆಗೇ ಕಟ್ಟಿದ್ದಾರೆ, ರಸೀದಿ ನೋಡಿದೆ. ಇವರಿಗೆ ಇದರಲ್ಲಿ ಬಿಡಿಗಾಸೂ ಉಳಿದಿಲ್ಲ.”

“ಹಾಗಾದ್ರೆ ಕೌಂಟರಿನ ತಕ್ಕಡಿ ಕೆಟ್ಟಿದೆ.”

“ನಿನ್ನೆ ಹೋಗಿ ನೋಡಿದೆ. ಒಂದು ಕೆಜಿ ಸಕ್ಕರೆ ಪೊಟ್ಟಣ ಇಟ್ಟೆ. ಒಂದೇ ಕೆಜಿ ತೋರಿಸ್ತು. ಕೌಂಟರಿನ ಹೆಣ್ಣುಮಗಳು ನನ್ನನ್ನು ನೋಡಿದ ನೋಟಕ್ಕೆ ಸಕ್ಕರೆ ಅಲ್ಲೇ ಬಿಟ್ಟು ಬರೋಣ ಅನ್ನಿಸ್ತು.”

ಟೀಚರ್ ನಗಲಿಲ್ಲ. “ಅಂದ್ರೆ ಕೌಂಟರಿನಲ್ಲಿ ಒಂಬತ್ತು ಇತ್ತು. ನನ್ನ ಮನೇಲಿ ಆರಾಯ್ತು. ನಡುವೆ ಏನಾಯ್ತು?”

ತಕರಾರಮ್ಮನೂ ಮೂರು ದಿನದಿಂದ ಅದನ್ನೇ ಅಗಿಯುತ್ತಿದ್ದಳು. ಗಡಿಯಾರ ಇಡಿಯಾಗಿದೆ, ಒಂದು ಮೊಳೆಯೂ ಕಾಣೆಯಾಗಿಲ್ಲ. ಹಾಗಾದರೆ ಹೋದದ್ದು ಗಡಿಯಾರದ ತೂಕವಲ್ಲ. ಗಡಿಯಾರದ ಜೊತೆ ಇನ್ನೇನೋ ಹತ್ತಿ, ದಾರಿಯಲ್ಲಿ ಇಳಿದುಕೊಂಡಿದೆ, ಕೊಂಡವರ ಖರ್ಚಿನಲ್ಲಿ. ಇನ್ನೊಂದು ವಿಷಯವೂ ಅವಳಿಗೆ ಗೊತ್ತಿತ್ತು. ಇದೇ ಅಂಗಡಿಯಿಂದ ಗಡಿಯಾರಗಳು ದೂರದೂರಕ್ಕೆ ಹೋಗಿವೆ, ಅವರಾರೂ ದೂರಿಲ್ಲ. ದೂರಿದ ಮೂವರೂ ಇದ್ದದ್ದು ಒಂದೇ ಬಡಾವಣೆಯಲ್ಲಿ. ಮೂವರ ಮನೆಗೂ ಪಾರ್ಸೆಲ್ ತಂದುಕೊಟ್ಟವನು ಒಬ್ಬನೇ.

“ತಂದುಕೊಟ್ಟವರು ಹೇಗಿದ್ರು ಟೀಚರ್ರೇ?”

“ವಯಸ್ಸಾದವರು, ಪಾಪ. ಬೇರೆಯವರು ಪಾರ್ಸೆಲ್ಲನ್ನ ಗೇಟಿನ ಮೇಲಿಂದ ಎಸೆದು ಹೋಗ್ತಾರೆ. ಇವರು ಹಸುಗೂಸನ್ನ ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದು ತಂದ್ರು. ‘ಮಲಗಿಸಬೇಡಿ ಅಮ್ಮಾ, ಹೀಗೇ ನೆಟ್ಟಗೆ ಇಡಿ’ ಅಂದ್ರು. ನಿಜ ಹೇಳ್ಬೇಕು ಅಂದ್ರೆ ಗಡಿಯಾರದ ವಿಷಯದಲ್ಲಿ ನನ್ನದೇನೂ ತಕರಾರಿಲ್ಲ. ಪೆಟ್ಟಿಗೆಯಿಂದ ತೆಗೆದು ಗೋಡೆಗೆ ಹಾಕಿದ್ದೇ ತಡ, ಟಿಕ್ ಟಿಕ್ ಅಂತ ಶುರುವಾಯ್ತು. ಈವತ್ತಿನವರೆಗೂ ಒಂದು ನಿಮಿಷ ತಪ್ಪಿಲ್ಲ.”

ಗಡಿಯಾರದಜ್ಜ ತಲೆಯೆತ್ತಿದರು. “ಗೋಡೆಗೆ ಹಾಕಿದ್ದೇ ತಡ?”

“ಹೌದು.”

“ಪೆಂಡುಲಮ್ ಯಾರು ಹಾಕಿದ್ರು?”

“ಯಾರೂ ಹಾಕಿಲ್ಲ. ಅದು ಒಳಗೇ ನೇತಾಡ್ತಾ ಇತ್ತಲ್ಲ.”

ಅಜ್ಜ ಮೇಜನ್ನು ಸುತ್ತಿ ಬಂದು ಪೆಟ್ಟಿಗೆಯಿಂದ ಗಡಿಯಾರವನ್ನು ಹೊರಗೆತ್ತಿದರು. ಗಾಜಿನ ಬಾಗಿಲು ತೆರೆದರು. ಹಿತ್ತಾಳೆ ಬಿಲ್ಲೆಯ ಪೆಂಡುಲಮ್ ತನ್ನ ಕೊಕ್ಕೆಯಲ್ಲಿ ಸರಿಯಾಗಿ ಕೂತಿತ್ತು.

“ನಾನು ಯಾವತ್ತೂ ಇದನ್ನ ಹಾಕಿ ಕಳಿಸಲ್ಲ,” ಎಂದರು. “ಯಾರೂ ಕಳಿಸಲ್ಲ. ಇದು ನೇತಾಡೋದು ಒಂದು ತೆಳ್ಳನೆ ಉಕ್ಕಿನ ಪಟ್ಟಿಯಿಂದ. ದಾರೀಲಿ ಕುಲುಕಿದ್ರೆ ಪಟ್ಟಿ ಮುರೀತು ಅಂತಲೇ. ಬಿಚ್ಚಿ, ಬಟ್ಟೆ ಸುತ್ತಿ ಬೇರೆ ಇಡ್ತೀನಿ. ಕೊಂಡವರು ಫೋನ್ ಮಾಡ್ತಾರೆ, ಹೇಗೆ ಹಾಕೋದು ಅಂತ ಹೇಳಿಕೊಡ್ತೀನಿ. ಇವರು ಫೋನೇ ಮಾಡಲಿಲ್ಲ, ಜಾಣೆ ಇರಬೇಕು ಅಂದುಕೊಂಡೆ.”

“ಜಾಣೇನೇ, ಆದ್ರೆ ಅದನ್ನ ಮುಟ್ಟಿಲ್ಲ,” ಎಂದರು ಟೀಚರ್. “ಓಡಾಡದ ಹಾಗೆ ಎರಡೂ ಕಡೆ ಕಾಗದ ಸಿಕ್ಕಿಸಿತ್ತು. ಅದನ್ನಷ್ಟೇ ತೆಗೆದೆ. ಅಲ್ಲೇ ಪೆಟ್ಟಿಗೆ ತಳದಲ್ಲಿ ಇರ್ಬೇಕು ನೋಡಿ.”

ಅಜ್ಜ ಪೆಟ್ಟಿಗೆಯೊಳಗೆ ಕೈಹಾಕಿ ಎರಡು ಪುಟ್ಟ ಕಾಗದದ ಮಡಿಕೆಗಳನ್ನು ತೆಗೆದರು. ದೀಪದ ಕೆಳಗೆ ಹಿಡಿದರು. ಒಂದನ್ನು ಬಿಚ್ಚಿದರು. ಬೆರಳು ತಾನಾಗಿಯೇ ಅದನ್ನು ಮತ್ತೆ ಮಡಚಿತು. ಉದ್ದಕ್ಕೆ ಒಂದು ಸಲ, ಓರೆಗೆ ಒಂದು ಸಲ, ತುದಿಯನ್ನು ಒಳಗೆ ತೂರಿಸಿ ಒತ್ತಿದರೆ ಗಟ್ಟಿ ಬೆಣೆ. ತಕರಾರಮ್ಮ ಇಷ್ಟು ದಿನದಲ್ಲಿ ಆ ಮುಖದ ಮೇಲೆ ಬೇಸರ ನೋಡಿದ್ದಳು, ಅವಮಾನ ನೋಡಿದ್ದಳು. ಹೆದರಿಕೆ ನೋಡಿದ್ದು ಈಗಲೇ.

“ಏನು ಯಜಮಾನ್ರೇ?”

“ಈ ಮಡಿಕೆ ನಮ್ಮಪ್ಪ ಮಾಡ್ತಿದ್ದದ್ದು,” ಎಂದರು ಅಜ್ಜ. “ಇದನ್ನ ಕಲಿತವರು ಇಬ್ಬರೇ. ಒಬ್ಬ ನಾನು.”

ಇನ್ನೊಬ್ಬನಾರೆಂದು ಯಾರೂ ಕೇಳಬೇಕಾಗಿರಲಿಲ್ಲ. ತಲೆಯ ಮೇಲಿನ ಖಾಲಿ ಗೂಡು ಅಲ್ಲೇ ಇತ್ತು.

ತಕರಾರಮ್ಮನಿಗೆ ಅರ್ಧ ಕತೆ ಕಣ್ಣೆದುರು ನಿಂತಿತು. ಆ ಬಡಾವಣೆಯಲ್ಲಿ ಪಾರ್ಸೆಲ್ ಹಂಚುವ ಮುದುಕರು ಈ ಅಂಗಡಿಯಿಂದ ಹೊರಬಿದ್ದ ತಮ್ಮ. ಪೆಟ್ಟಿಗೆ ತೆರೆದಿದ್ದಾರೆ, ತಮಗೆ ಬೇಕಾದದ್ದನ್ನು ತೆಗೆದುಕೊಂಡಿದ್ದಾರೆ. ಅಷ್ಟಕ್ಕೇ ಮುಚ್ಚಿ ಕೊಟ್ಟಿದ್ದರೆ ಯಾರಿಗೂ ಸುಳಿವು ಸಿಗುತ್ತಿರಲಿಲ್ಲ. ಆದರೆ ಕಲಿತ ಕೈ ಸುಮ್ಮನಿರಲಿಲ್ಲ. ಪೆಂಡುಲಮ್ ಬಿಚ್ಚಿಟ್ಟ ಗಡಿಯಾರವನ್ನು ನೋಡಿ ಹಾಗೇ ಬಿಡಲು ಆ ಮನುಷ್ಯನಿಗೆ ಆಗಲಿಲ್ಲ. ಹೇಗೂ ಇನ್ನೊಂದು ಬೀದಿ ದಾಟಿದರೆ ಮನೆ, ಹೊರುವುದೂ ತಾನೇ. ಹಾಕಿ, ಬೆಣೆ ಕೊಟ್ಟು, ಹಸುಗೂಸಿನ ಹಾಗೆ ಹೊತ್ತು ತಂದರು.

ಕಳ್ಳರಲ್ಲಿ ಇಷ್ಟು ಅಚ್ಚುಕಟ್ಟು ಅವಳು ಕಂಡಿರಲಿಲ್ಲ. ಆ ಮುದುಕರ ಮೇಲೆ ಅವಳಿಗೆ ಪ್ರೀತಿಯೇ ಹುಟ್ಟಿತು, ಕೆಲಸಕ್ಕೆ ಅದು ಒಳ್ಳೆಯದಲ್ಲ ಎಂದೂ ಗೊತ್ತಿತ್ತು.

ಉಳಿದರ್ಧ ಕತೆ ಈ ತುದಿಯಲ್ಲಿತ್ತು. ತೆಗೆದುಕೊಳ್ಳುವವರು ಅಲ್ಲಿದ್ದರೆ, ಇಡುವವರು ಇಲ್ಲಿರಬೇಕು.

“ಅಪ್ಪಾ, ಕೌಂಟರ್ ಮುಚ್ಚೋ ಹೊತ್ತಾಯ್ತು,” ಎನ್ನುತ್ತ ಮಗಳು ಒಳಕೋಣೆಯಿಂದ ಬಂದಳು. ಕಂಪ್ಯೂಟರಿನ ಕೆಲಸ, ಪಾರ್ಸೆಲ್ಲನ್ನು ಕೌಂಟರಿಗೆ ಒಯ್ಯುವುದು, ಎರಡೂ ಅವಳ ಪಾಲಿನವು. ಕಟ್ಟುವುದು, ವಿಳಾಸ ಬರೆಯುವುದು ಅಜ್ಜನ ಪಾಲು. ತಮ್ಮ ಕೈಬರಹವಿಲ್ಲದ ಪೆಟ್ಟಿಗೆ ಅಂಗಡಿಯ ಹೊಸಿಲು ದಾಟಬಾರದೆಂದು ಅವರ ಹಟ. ಮಗಳು ಎಲ್ಲರಿಗೂ ಟೀ ಇಟ್ಟಳು, ಬಾಗಿಲ ಬಳಿಯಿದ್ದ ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡಳು. “ಇದನ್ನ ಕೊಟ್ಟು ಬರ್ತೀನಿ.”

ಪೆಟ್ಟಿಗೆ ಎತ್ತುವಾಗ ಅವಳ ಸೊಂಟ ಕೊಂಚ ಹಿಂದಕ್ಕೆ ಬಾಗಿತು. ತಕರಾರಮ್ಮ ಅದನ್ನು ನೋಡಿದಳು. ವಿಳಾಸವನ್ನೂ ಓದಿದಳು. ಟೀಚರ ಬೀದಿಗೆ ಪಕ್ಕದ ಬೀದಿ. ವಿಳಾಸದ ಕೆಳಗೆ, ಮೂಲೆಯಲ್ಲಿ, ಪೆನ್ಸಿಲಿನಿಂದ ಹಾಕಿದ ಒಂದು ಸಣ್ಣ ಸುತ್ತು. ಟೀಚರ ಪೆಟ್ಟಿಗೆಯ ಮೂಲೆಗೆ ಕಣ್ಣು ಹಾಯಿಸಿದಳು. ಅಲ್ಲೂ ಒಂದು ಸುತ್ತು.

“ಒಂದು ನಿಮಿಷ ಇಡಮ್ಮ,” ಎಂದಳು. “ತೂಗೋಣ.”

“ಕೌಂಟರಿನಲ್ಲಿ ತೂಗ್ತಾರಲ್ಲ ಮೇಡಂ.”

“ಅವರೂ ತೂಗ್ಲಿ. ನಾವೂ ತೂಗೋಣ. ಟೀಚರ್ರಿಗೂ ಸಮಾಧಾನ ಆಗತ್ತೆ.”

“ನಂಗೆ ಭಾರಿ ಸಮಾಧಾನ ಆಗತ್ತೆ,” ಎಂದು ಟೀಚರ್ ಟೀ ಲೋಟ ಬದಿಗಿಟ್ಟರು.

ಮಗಳು ಅಪ್ಪನ ಮುಖ ನೋಡಿದಳು. ಅಜ್ಜ ಇನ್ನೂ ಕಾಗದದ ಬೆಣೆ ಹಿಡಿದೇ ನಿಂತಿದ್ದರು. ಅವಳು ಪೆಟ್ಟಿಗೆಯನ್ನು ತಕ್ಕಡಿಯ ಮೇಲೆ ಇಳಿಸಿದಳು.

ಹತ್ತು ಕೆಜಿ.

“ಇದರೊಳಗೆ ಇರೋದು ಚಿಕ್ಕ ಗಡಿಯಾರ,” ಎಂದರು ಅಜ್ಜ. “ರಾತ್ರಿ ನಾನೇ ಕಟ್ಟಿದೆ. ಒಂದು ಕೈಲಿ ಎತ್ತಿ ಬಾಗಿಲ ಹತ್ರ ಇಟ್ಟೆ.”

ತಕರಾರಮ್ಮ ಪೆಟ್ಟಿಗೆಯನ್ನು ಮಗುಚಿದಳು. ತಳದಲ್ಲಿ ಕಂದು ಟೇಪು ಎರಡು ಪದರ. ಕೆಳಗಿನದು ಗೆರೆ ಹೊಡೆದಷ್ಟು ನೇರ, ಮೇಲಿನದು ಅವಸರದ್ದು.

“ಅಜ್ಜನ ಕೈ ಇಷ್ಟು ಸೊಟ್ಟ ಹೋಗಲ್ಲ,” ಎಂದಳು. “ತೆಗೀಲಾ ಯಜಮಾನ್ರೇ?”

“ಮೇಡಂ, ಬೇಡ.” ಮಗಳ ದನಿ ಏರಲಿಲ್ಲ, ಆದರೆ ಅವಳ ಕೈ ಟೇಪಿನ ಮೇಲೆ ಬಂದು ಕೂತಿತು. “ಆ ಮೂವರ ಅಂಚೆ ಖರ್ಚೂ ನಾನು ವಾಪಸ್ ಕೊಡ್ತೀನಿ. ಈವತ್ತೇ ಕೊಡ್ತೀನಿ. ತಪ್ಪು ನಂದು ಅಂತ ಬರ್ಕೊಡ್ತೀನಿ. ಇದೊಂದನ್ನ ಹೋಗೋಕೆ ಬಿಡಿ.”

“ತಪ್ಪು ನಿಂದಾದ್ರೂ ಅಂಗಡಿ ಇವರ ಹೆಸರಲ್ಲಿದೆ ಅಮ್ಮ. ಸಂಜೆ ಕಳ್ಳ ಅನ್ನಿಸಿಕೊಳ್ಳೋದು ನಿಮ್ಮಪ್ಪ.”

ಆ ಮಾತಿಗೆ ಅವಳ ಕೈ ಸಡಿಲವಾಯಿತು. “ತೆಗೀರಿ,” ಎಂದವರು ಅಜ್ಜ.

ಗಡಿಯಾರದ ಕೆಳಗೆ, ಹಳೆಯ ಉಣ್ಣೆ ಶಾಲಿನಲ್ಲಿ ಸುತ್ತಿದ ಒಂದು ಗಂಟು. ಬಿಚ್ಚಿದಾಗ ಹಿತ್ತಾಳೆಯ ಮೆಷಿನ್ ಒಂದು ಹೊರಬಂತು. ದಪ್ಪ ಹಲಗೆಗಳ ನಡುವೆ ಹಲ್ಲಿನ ಚಕ್ರಗಳು, ಮೂರು ಸರಪಳಿ ಓಡಲು ಮೂರು ಗಾಲಿಗಳು. ಇಂದಿನ ಯಾವ ಗೋಡೆ ಗಡಿಯಾರಕ್ಕೂ ಹೊಂದದಷ್ಟು ದೊಡ್ಡದು. ಅಂಗಡಿಯಲ್ಲಿ ಅದು ಹೊಂದುವ ಗೂಡು ಒಂದೇ ಇತ್ತು.

ಅಜ್ಜ ಅದರ ಮೇಲೆ ಅಂಗೈ ಇಟ್ಟರು. ಬಹಳ ಹೊತ್ತು ತೆಗೆಯಲಿಲ್ಲ. ಎಷ್ಟೋ ವರ್ಷಗಳ ಮೇಲೆ ಮನೆಗೆ ಬಂದ ನಂಟರ ತಲೆ ನೇವರಿಸುವಂತಿತ್ತು ಅದು, ನೋಡುವುದೇ ಕಷ್ಟವಾಗಿತ್ತು.

“ಅಪ್ಪನದು,” ಎಂದರು. “ಇದು... ಇದು ಹೇಗೆ...”

“ಮೂರು ಗುಂಡುಗಳೂ ಹೋಗಾಯ್ತಲ್ಲ?” ಎಂದು ತಕರಾರಮ್ಮ ಮಗಳನ್ನು ಮೆಲ್ಲಗೆ ಕೇಳಿದಳು. “ಒಂದೊಂದು ಪಾರ್ಸೆಲ್ಲಲ್ಲಿ ಒಂದೊಂದು. ಮೂರು ಮೂರು ಕೆಜಿ.”

“ಹೌದು.”

“ನಿನ್ನ ಚಿಕ್ಕಪ್ಪನಿಗೆ.”

“ಹೌದು. ಅವರೇ ಆ ಕಡೆ ಪಾರ್ಸೆಲ್ ಹಂಚೋದು. ಪೆಟ್ಟಿಗೆ ಮೇಲೆ ಸುತ್ತು ಇದ್ರೆ ಒಳಗೆ ಅವರದ್ದೊಂದು ಇದೆ ಅಂತ ನಮ್ಮ ನಮ್ಮಲ್ಲಿ ಮಾತು.”

“ನನ್ನ ಗಡಿಯಾರದ ತಳದಲ್ಲಿ ಕೂತು, ನನ್ನ ದುಡ್ಡಲ್ಲಿ ಹೋಯ್ತು,” ಎಂದರು ಟೀಚರ್. ಆದರೆ ಅವರ ಸಿಟ್ಟಿನ ಗಾಳಿ ಆಗಲೇ ಇಳಿದಿತ್ತು.

“ಬೇರೆ ದಾರಿ ಇರ್ಲಿಲ್ಲ ಟೀಚರ್,” ಎಂದಳು ಮಗಳು. “ಚಿಕ್ಕಪ್ಪನ ಹೆಸರು ಬರೆದ ಪೆಟ್ಟಿಗೆ ಈ ಬಾಗಿಲು ದಾಟಲ್ಲ. ಅವರಂತೂ ಈ ಬೀದಿಗೇ ಕಾಲಿಡಲ್ಲ. ನಾನೇ ಹೊತ್ತುಕೊಂಡು ಹೋಗೋಣ ಅಂದ್ರೆ ಅಪ್ಪನಿಗೆ ಹೇಳದೆ ನಾನು ಎಲ್ಲಿಗೆ ಹೋಗೋದು? ತೂಕ ಯಾರು ನೋಡ್ತಾರೆ, ಆಮೇಲೆ ಹೇಗಾದ್ರೂ ಸರಿ ಮಾಡೋಣ ಅಂದುಕೊಂಡೆ. ಅಂಚೆ ಖರ್ಚಿಗೆ ಜನ ಇಷ್ಟು ಕಣ್ಣಿಡ್ತಾರೆ ಅಂತ ಗೊತ್ತಿರ್ಲಿಲ್ಲ.”

“ನನ್ನನ್ನ ಕೇಳಿದ್ದಿದ್ರೆ ಹೇಳ್ತಿದ್ದೆ,” ಎಂದಳು ತಕರಾರಮ್ಮ.

ಅಜ್ಜ ಈ ಮಾತೊಂದನ್ನೂ ಕೇಳಿಸಿಕೊಂಡಂತಿರಲಿಲ್ಲ. “ಹಾಗಾದ್ರೆ ಕದ್ದವನು ಅವನೇ,” ಎಂದರು. “ಅವನೇ ನಿನ್ನ ಕೈಗೆ ಕೊಟ್ಟು ಎಲ್ಲೋ ಬಚ್ಚಿಡಿಸಿದ್ದ. ಈಗ ಒಂದೊಂದಾಗಿ ತರಿಸಿಕೊಳ್ತಾ ಇದ್ದಾನೆ. ಅಲ್ವಾ? ನಾನು ಅವನನ್ನ ಹೊರಗೆ ಹಾಕಿದ್ದು ಸರಿಯಾಗೇ ಇತ್ತು. ಸರಿಯಾಗೇ ಇತ್ತು.”

ಎರಡು ಸಲ ಹೇಳಿದರು. ಒಂದು ಸಲ ತಮಗೇ ಹೇಳಿಕೊಂಡಂತಿತ್ತು.

“ಅಲ್ಲ ಅಪ್ಪ.”

“ಮತ್ತೆ?”

ಮಗಳು ಶಾಲನ್ನು ಮಡಚತೊಡಗಿದಳು. ಮಡಚಿದ್ದನ್ನು ಬಿಚ್ಚಿ ಇನ್ನೊಮ್ಮೆ ಮಡಚಿದಳು. “ಮೊದಲನೇ ಗುಂಡು ಕೈಗೆ ಸಿಕ್ಕಿದ ದಿನ ಚಿಕ್ಕಪ್ಪ ಫೋನ್ ಮಾಡಿದ್ರು. ‘ಎಲ್ಲಿತ್ತು ಮಗು?’ ಅಂತಷ್ಟೇ ಕೇಳಿದ್ರು. ನಾನು ಹೇಳಲಿಲ್ಲ. ಅವರು ಎಲ್ಲಾ ಸೇರಿಸಿ ಗಡಿಯಾರ ಮತ್ತೆ ಓಡಿಸಿ, ಅದನ್ನ ತಗೊಂಡು ನಿಮ್ಮ ಎದುರಿಗೆ ನಿಲ್ಲಲಿ, ಆಮೇಲೆ ಹೇಳೋಣ ಅಂತಿದ್ದೆ. ನಿಮ್ಮನ್ನ ಕೇಳೋಕೆ ನಂಗೆ ಧೈರ್ಯ ಇರ್ಲಿಲ್ಲ.”

“ನನ್ನನ್ನ? ನನ್ನನ್ನೇನು ಕೇಳೋದು?”

“ಚಳಿಗೆ ಶಾಲು ಹುಡುಕ್ತಾ ಇದ್ದೆ,” ಎಂದಳು ಮಗಳು. “ಸಿಕ್ಕಿದ್ದು ನಿಮ್ಮ ಮಂಚದ ಕೆಳಗಿನ ಟ್ರಂಕಲ್ಲಿ, ಅಪ್ಪ. ಇದೇ ಶಾಲಲ್ಲಿ ಸುತ್ತಿಟ್ಟಿತ್ತು.”

ಟೀಚರ್ ಕುರ್ಚಿಯಿಂದ ಅರ್ಧ ಎದ್ದವರು ಮತ್ತೆ ಕೂತರು.

ತಕರಾರಮ್ಮ ಅಜ್ಜನ ಕೈಗಳನ್ನೇ ನೋಡುತ್ತಿದ್ದಳು. ಅಜ್ಜ ಶಾಲನ್ನು ಮಗಳಿಂದ ತೆಗೆದುಕೊಂಡರು. ಅದರ ಅಂಚನ್ನು ಬೆರಳಿಂದ ಸವರಿ ನೋಡಿದರು. ಗುರುತು ಸಿಕ್ಕಿತು ಎಂಬುದು ಮುಖದಲ್ಲೇ ತಿಳಿಯಿತು.

ಆಗಲೇ ತಕರಾರಮ್ಮನ ಫೋನ್ ಹೊಡೆದುಕೊಂಡಿತು. ಮ್ಯಾನೇಜರ್. ಕಾರಣ ಸಿಕ್ಕಿತಾ ಎಂದು ಕೇಳಲಿಕ್ಕೆ.

ಸಿಕ್ಕಿತ್ತು. ಅದನ್ನು ಹೇಳಿದರೆ ಮಗಳು ಸಿಕ್ಕಿಬೀಳುತ್ತಾಳೆ, ಹೇಳದಿದ್ದರೆ ಅಂಗಡಿ ಹೋಗುತ್ತದೆ. ಅವಳಿಗೆ ತನ್ನ ಕೆಲಸದ ಮೇಲೆ ಇಷ್ಟು ಬೇಸರ ಯಾವತ್ತೂ ಆಗಿರಲಿಲ್ಲ.

“ಎತ್ತಿ ತಾಯಿ,” ಎಂದರು ಅಜ್ಜ. “ಅಂಗಡಿ ಹೆಸರು ತೆಗೆದುಹಾಕಿ ಅಂತ ಹೇಳಿ. ಮೋಸ ಮಾಡಿದ್ದು ನಾನೇ. ಗಡಿಯಾರ ಕದ್ದದ್ದೂ ನಾನೇ. ಕಳ್ಳ ಅಂತಲೇ ಬರ್ಕೊಳ್ಳಲಿ.”

“ಅಪ್ಪಾ,” ಎಂದಳು ಮಗಳು.

“ನಾನೇ ಅಂದೆನಲ್ಲ. ಇನ್ನು ಯಾರೂ ಹುಡುಕೋದು ಬೇಡ.”

ಹಾಗೆನ್ನುವಾಗ ಅವರು ಶಾಲನ್ನು ಎದೆಗೊತ್ತಿಕೊಂಡಿದ್ದರು. ಕಣ್ಣು ಮೇಜಿನ ಮೂಲೆಯ ಫೋಟೊದ ಮೇಲಿತ್ತು. ತಕರಾರಮ್ಮನೂ ಅತ್ತ ತಿರುಗಿ, ಈ ಅಂಗಡಿಗೆ ಬಂದಂದಿನಿಂದ ಮೊದಲ ಬಾರಿಗೆ, ಆ ಫೋಟೊವನ್ನು ಸರಿಯಾಗಿ ನೋಡಿದಳು. ಫೋಟೊದಲ್ಲಿದ್ದ ಹೆಂಗಸು ಹೊದ್ದಿದ್ದದ್ದು ಅದೇ ಶಾಲು. ಅಜ್ಜ ಯಾರ ಕಳವನ್ನು ತಮ್ಮ ಮೇಲೆ ಎಳೆದುಕೊಂಡರೆಂದು ಅವಳಿಗೆ ಆಗ ತಿಳಿಯಿತು.

ಫೋನ್ ಹೊಡೆದುಕೊಳ್ಳುತ್ತಲೇ ಇತ್ತು. ಅವಳು ಎತ್ತಲಿಲ್ಲ.